ಗೌತಮಪುರದ ಲೆಫ್ಟ್ ಬ್ಯಾಕ್ ದುಬೈಯಲ್ಲಿ ಕೋಚ್ ಆದ ಬಗೆ

ಭಾರತದ ಫುಟ್‌ಬಾಲ್ ಎಂದೊಡನೆ ಜನರಿಗೆ ನೆನಪಾಗುವುದು ರಾಷ್ಟ್ರೀಯ ತಂಡದ ನಾಲ್ಕೈದು ಹೆಸರುಗಳು. ಆದರೆ ಈ ಆಟವನ್ನೇ ನಂಬಿ ಬದುಕಿದವರಲ್ಲಿ ಹೆಚ್ಚಿನವರು ಋತುವಿಗೊಂದು ಕ್ಲಬ್ ಬದಲಿಸುತ್ತ, ಆಟಗಾರರು ಉಂಡು ಮಲಗುವ ಒಂದು ಊರಿನ ಮೆಸ್ಸಿನಿಂದ ಇನ್ನೊಂದು ಊರಿನ ಮೆಸ್‌ಗೆ ಚೀಲ ಹೊತ್ತು ಹೋಗುತ್ತ, ಮೂವತ್ತು ದಾಟುವ ಹೊತ್ತಿಗೆ ಸದ್ದಿಲ್ಲದೆ ಬೂಟು ಬಿಚ್ಚಿಟ್ಟವರು. ನಾನೂ ಅವರಲ್ಲೊಬ್ಬ. ಇಂದು ದುಬೈಯ ಒಂದು ಖಾಸಗಿ ಅಕಾಡೆಮಿಯಲ್ಲಿ ಮಕ್ಕಳ ತಂಡಗಳಿಗೆ ಕೋಚ್ ಆಗಿದ್ದೇನೆ. ಈ ದಾರಿ ಹೇಗಿತ್ತು, ಯಾವ ಲೈಸೆನ್ಸ್ ಬೇಕಾಯಿತು, ಯಾವ ಕಾಗದ ಎಲ್ಲಿ ಮೊಹರು ಹಾಕಿಸಿಕೊಳ್ಳಬೇಕು ಎಂಬ ಪ್ರಶ್ನೆಗಳನ್ನು ಊರಿನ ಹುಡುಗರು ಮತ್ತೆ ಮತ್ತೆ ಕೇಳುವುದರಿಂದ, ನಡೆದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ನನ್ನ ಊರು ಬೆಂಗಳೂರಿನ ಹಲಸೂರಿಗೆ ಅಂಟಿಕೊಂಡ ಗೌತಮಪುರ. ಅಂಬೇಡ್ಕರ್ ಮತ್ತು ಬುದ್ಧರ ಪ್ರತಿಮೆಗಳ ಜೊತೆಯಲ್ಲಿ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿರುವ ಬಡಾವಣೆ ಅದು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಇವೆಲ್ಲ ದಂಡು ಪ್ರದೇಶದ ಫುಟ್‌ಬಾಲ್ ಕೇರಿಗಳು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ. ಅಂಥ ಕೇರಿಯಲ್ಲಿ ಹುಟ್ಟಿದ ಹುಡುಗನಿಗೆ ಆಟ ಕಲಿಯಲು ಶಾಲೆ ಬೇಕಿರಲಿಲ್ಲ. ಸಂಜೆ ಮೈದಾನಕ್ಕೆ ಹೋದರೆ ಅಣ್ಣಂದಿರು ಒಂದು ಬದಿಗೆ ಸೇರಿಸಿಕೊಳ್ಳುತ್ತಿದ್ದರು. ಎಡಗಾಲು ಚೆನ್ನಾಗಿದ್ದುದರಿಂದ ನನ್ನನ್ನು ಎಡಬದಿಯ ರಕ್ಷಣೆಗೆ, ಅಂದರೆ ಲೆಫ್ಟ್ ಬ್ಯಾಕ್ ಜಾಗಕ್ಕೆ, ನಿಲ್ಲಿಸಿದರು. ಮುಂದೆ ಜಿಲ್ಲಾ ಲೀಗ್‌ನ ಕೆಳಗಿನ ಡಿವಿಷನ್‌ನಿಂದ ಮೇಲೇರಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆ ಲೀಗ್‌ನ ಮೇಲಿನ ಹಂತವಾದ ಸೂಪರ್ ಡಿವಿಷನ್ ಆಡುವವರೆಗೂ ಬಂದೆ.

ಅಲ್ಲಿಂದ ಮುಂದಿನದು ಅಲೆದಾಟ. ಕೋಲ್ಕತ್ತದ ಲೀಗ್‌ನಲ್ಲಿ ಚಿಕ್ಕ ಕ್ಲಬ್‌ಗಳಿಗೆ ಆಡಿದೆ, ಗೋವಾದಲ್ಲಿ ಆಡಿದೆ, ಎರಡನೇ ದರ್ಜೆಯ ರಾಷ್ಟ್ರೀಯ ಲೀಗ್‌ಗಾಗಿ ತರಾತುರಿಯಲ್ಲಿ ಕಟ್ಟಿದ ತಂಡಗಳಲ್ಲಿ ಆಡಿದೆ. ಇವೆಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಮಲಬಾರಿನ ಸೆವೆನ್ಸ್. ಮಳೆಗಾಲ ಮುಗಿದ ಮೇಲೆ ಮಲಪ್ಪುರಂ ಸುತ್ತಮುತ್ತ ಕೊಯ್ಲಾದ ಗದ್ದೆಯಲ್ಲೋ ಶಾಲೆಯ ಬಯಲಿನಲ್ಲೋ ಅಡಿಕೆ ಮರದ ಕಂಬ ನೆಟ್ಟು ಗ್ಯಾಲರಿ ಕಟ್ಟುತ್ತಾರೆ, ದೀಪ ಹಾಕುತ್ತಾರೆ, ಟಿಕೆಟ್ ಇಡುತ್ತಾರೆ. ಸಾವಿರಾರು ಜನ ಸೇರುತ್ತಾರೆ. ಬದಿಗೆ ಏಳೇ ಆಟಗಾರರು. ಹೊರಗಿನಿಂದ ಬಂದ ಗೆಸ್ಟ್ ಆಟಗಾರನಿಗೆ ಆ ರಾತ್ರಿಯ ಆಟದ ಹಣ ಆ ರಾತ್ರಿಯೇ ಕೈಗೆ ಬರುತ್ತದೆ, ಚೆನ್ನಾಗಿ ಆಡದಿದ್ದರೆ ಮರುದಿನದ ಕರೆ ಬರುವುದಿಲ್ಲ. ಇಕ್ಕಟ್ಟಿನ ಮೈದಾನದಲ್ಲಿ ಘಾನಾ, ನೈಜೀರಿಯಾ, ಐವರಿ ಕೋಸ್ಟ್‌ಗಳಿಂದ ಬಂದ ಗಟ್ಟಿಮುಟ್ಟಾದ ಆಟಗಾರರು ಮೈಮೇಲೆ ಬೀಳುವಾಗ ಚೆಂಡನ್ನು ಎರಡನೇ ಬಾರಿ ಮುಟ್ಟುವಷ್ಟು ಸಮಯ ಸಿಗುವುದಿಲ್ಲ. ಚೆಂಡು ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂದು ಗೊತ್ತಿರಬೇಕು. ಆ ಅಭ್ಯಾಸ ನನ್ನ ಕಾಲಿಗೆ ಬಂದದ್ದು ಅಲ್ಲಿ. ಅದನ್ನು ಬಾಯಲ್ಲಿ ಹೇಳಲು ಬಂದದ್ದು ಬಹಳ ವರ್ಷಗಳ ಮೇಲೆ.

ಹೀಗೆ ಕ್ಲಬ್ ಬದಲಿಸುವ ಆಟಗಾರನಿಗೆ ಒಂದು ವಿಚಿತ್ರ ಶಿಕ್ಷಣ ಸಿಗುತ್ತದೆ. ಒಬ್ಬ ಕೋಚ್ ಲೆಫ್ಟ್ ಬ್ಯಾಕ್ ಅರ್ಧ ಗೆರೆ ದಾಟಕೂಡದು ಎನ್ನುತ್ತಾರೆ. ಮುಂದಿನ ವರ್ಷ ಇನ್ನೊಬ್ಬರು ಅದೇ ಆಟಗಾರನನ್ನು ವಿಂಗ್‌ವರೆಗೆ ಓಡಿ ಕ್ರಾಸ್ ಹಾಕು ಎನ್ನುತ್ತಾರೆ. ಮೂರನೆಯವರು ನಡುವಿನ ರಕ್ಷಕನಾದ ಸ್ಟಾಪರ್ ಗಾಯಗೊಂಡನೆಂದು ಅವನ ಜಾಗದಲ್ಲಿ ನಿಲ್ಲಿಸುತ್ತಾರೆ. ಮೊದಲ ಹನ್ನೊಂದರಲ್ಲಿ ಸದಾ ಇರುವ ದೊಡ್ಡ ಆಟಗಾರ ಒಂದೇ ಜಾಗದಿಂದ, ಒಂದೇ ಪದ್ಧತಿಯಿಂದ ಆಟವನ್ನು ನೋಡಿರುತ್ತಾನೆ. ಬೆಂಚಿನ ಮೇಲೆ ಕುಳಿತು, ಜಾಗ ಬದಲಿಸುತ್ತ, ಹಲವು ಕೋಚ್‌ಗಳ ಮಾತು ಕೇಳಿ ಅದಕ್ಕೆ ಹೊಂದಿಕೊಂಡವನು ಆಟವನ್ನು ಹಲವು ಕಡೆಗಳಿಂದ ನೋಡಿರುತ್ತಾನೆ. ಇದು ದೊಡ್ಡ ಬಂಡವಾಳ ಎಂದು ನಾನು ಖಚಿತವಾಗಿ ನಂಬಿದ್ದೇನೆ. ಆದರೆ ಆ ಬಂಡವಾಳವನ್ನು ಮಾತಿಗೂ ಕಾಗದಕ್ಕೂ ಇಳಿಸದ ಹೊರತು ಆಟ ನಿಂತ ದಿನವೇ ಅದು ಕರಗಿಹೋಗುತ್ತದೆ.

ನಮ್ಮ ಹಿಂದಿನ ತಲೆಮಾರಿನವರಿಗೆ ಈ ಚಿಂತೆ ಇಷ್ಟು ಇರಲಿಲ್ಲ. ಎಚ್‌ಎಎಲ್, ಐಟಿಐ, ಬಿಇಎಂಎಲ್‌ನಂಥ ಕಾರ್ಖಾನೆಗಳು ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವು. ಆಟ ಮುಗಿದರೂ ನಿವೃತ್ತಿಯವರೆಗೆ ಸಂಬಳ, ಕ್ವಾರ್ಟರ್ಸ್, ಆಸ್ಪತ್ರೆ ಇರುತ್ತಿತ್ತು. ನಾವು ಬೆಳೆಯುವ ಹೊತ್ತಿಗೆ ಆ ಬಾಗಿಲು ಬಹುಪಾಲು ಮುಚ್ಚಿತ್ತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ ಮೊದಲ ಋತುವಿನಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಾಗ ನಗರದಲ್ಲಿ ಫುಟ್‌ಬಾಲ್‌ಗೆ ಹೊಸ ಕಳೆ ಬಂದಿತು, ಟರ್ಫ್‌ಗಳೂ ಮಕ್ಕಳ ಅಕಾಡೆಮಿಗಳೂ ಎದ್ದವು. ಆ ಅಕಾಡೆಮಿಗಳು ಕೇಳುತ್ತಿದ್ದ ಮೊದಲ ಪ್ರಶ್ನೆ ಎಲ್ಲಿ ಆಡಿದ್ದೀರಿ ಎಂಬುದಾಗಿರಲಿಲ್ಲ, ಯಾವ ಲೈಸೆನ್ಸ್ ಇದೆ ಎಂಬುದಾಗಿತ್ತು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೋಚ್‌ಗಳಿಗೆ ಕೊಡುವ ಡಿ ಲೈಸೆನ್ಸನ್ನು ನಾನು ಇನ್ನೂ ಆಡುತ್ತಿದ್ದಾಗಲೇ, ಎರಡು ಋತುಗಳ ನಡುವಿನ ಬಿಡುವಿನಲ್ಲಿ ಮಾಡಿಕೊಂಡೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಆಡುತ್ತಿರುವವನಿಗೆ ಬೆಳಿಗ್ಗೆ ತರಗತಿಯಲ್ಲಿ ಕೇಳಿದ್ದನ್ನು ಸಂಜೆ ತನ್ನ ತಂಡದಲ್ಲೇ ನೋಡಿ ತಾಳೆ ಹಾಕುವ ಅವಕಾಶವಿರುತ್ತದೆ. ಜೊತೆಗೆ, ಆಟ ನಿಂತ ಮೇಲೆ ಬರುವ ಹಣದ ಬಿಕ್ಕಟ್ಟಿನಲ್ಲಿ ಕೋರ್ಸಿನ ಶುಲ್ಕ ಹೊಂದಿಸುವುದೇ ಕಷ್ಟವಾಗುತ್ತದೆ. ಡಿ ಕೋರ್ಸು ಒಂದು ವಾರದ ಒಳಗಿನದು. ಮಕ್ಕಳ ವಯಸ್ಸಿಗೆ ತಕ್ಕ ಆಟ, ಚೆಂಡಿನ ಅಳತೆ, ಸೆಷನ್ ಬರೆಯುವ ಕ್ರಮ, ನಿಯಮಗಳು, ಪ್ರಥಮ ಚಿಕಿತ್ಸೆ ಇಷ್ಟನ್ನು ಹೇಳಿಕೊಡುತ್ತಾರೆ. ಎಂಟು ವರ್ಷದ ಮಗುವಿಗೆ ದೊಡ್ಡವರ ಐದನೇ ಅಳತೆಯ ಚೆಂಡು, ದೊಡ್ಡವರ ಗೋಲುಗಂಬ, ಹನ್ನೊಂದು ಜನರ ಆಟ ಕೊಟ್ಟರೆ ಆ ಮಗು ಒಂದು ಗಂಟೆಯಲ್ಲಿ ಎಷ್ಟು ಸಲ ಚೆಂಡು ಮುಟ್ಟೀತು ಎಂದು ನಮ್ಮಿಂದಲೇ ಎಣಿಸಿ ಬರೆಸಿದರು. ಬಳಿಕ ಅದೇ ಮಕ್ಕಳನ್ನು ನಾಲ್ಕು ನಾಲ್ಕು ಜನರ ಆಟಕ್ಕೆ ಬಿಟ್ಟು ಮತ್ತೆ ಎಣಿಸಿದೆವು. ಆ ಅಂತರವನ್ನು ಕಣ್ಣಾರೆ ಕಂಡವನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸರದಿ ಕಾಯಿಸುವ ತರಬೇತಿಯನ್ನು ಮತ್ತೆಂದೂ ಮಾಡಲಾರ.

ನಿಜವಾದ ಪರೀಕ್ಷೆ ಅದರ ಮೇಲಿನ ಹಂತವಾದ ಸಿ ಲೈಸೆನ್ಸಿನಲ್ಲಿ ಬಂದಿತು. ಇದು ಏಷ್ಯಾ ಒಕ್ಕೂಟವಾದ ಎಎಫ್‌ಸಿಯ ಪಠ್ಯಕ್ರಮದಂತೆ ನಡೆಯುವ ಕೋರ್ಸು. ಇಲ್ಲಿ ಪ್ರತಿಯೊಬ್ಬರಿಗೂ ಒಂದು ವಿಷಯ ಕೊಟ್ಟು, ಉಳಿದ ಅಭ್ಯರ್ಥಿಗಳನ್ನೇ ಆಟಗಾರರನ್ನಾಗಿಸಿ ಮೈದಾನದಲ್ಲಿ ಪಾಠ ಮಾಡಿಸುತ್ತಾರೆ. ಒಂದು ಸಂಜೆ ಬೋಧಕರು ತಾವೇ ಮಾಡಿ ತೋರಿಸಿದ ಸೆಷನ್ ನನಗೆ ಈಗಲೂ ಮಾದರಿ. ವಿಷಯ, ನಡುಮೈದಾನದಲ್ಲಿ ಚೆಂಡನ್ನು ಮುಂದಕ್ಕೆ ತಿರುಗಿ ಪಡೆಯುವುದು. ಆಟ ನಡೆಯುತ್ತಿತ್ತು, ಒಬ್ಬ ಆಟಗಾರ ಬೆನ್ನು ಹಾಕಿ ಚೆಂಡು ಪಡೆದು ಎದುರಾಳಿಗೆ ಒಪ್ಪಿಸಿದ. ಬೋಧಕರು ‘ಸ್ಟಾಪ್’ ಎಂದರು. ಎಲ್ಲರೂ ನಿಂತಲ್ಲೇ ನಿಂತೆವು. ಅವರು ಅವನನ್ನು ಗದರಲಿಲ್ಲ, ಸರಿಯಾದದ್ದು ಇದು ಎಂದೂ ಹೇಳಲಿಲ್ಲ. ಪಾಸು ಹೊರಡುವ ಕ್ಷಣದಲ್ಲಿ ಅವನು ಎಲ್ಲಿದ್ದನೋ ಅಲ್ಲಿಗೆ ವಾಪಸು ಕಳಿಸಿ, “ಚೆಂಡು ಹೊರಟಾಗ ನಿಮ್ಮ ಹಿಂದೆ ಯಾರಿದ್ದರು?” ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. “ಗೊತ್ತಾಗಬೇಕಾದರೆ ಏನು ಮಾಡಬೇಕಿತ್ತು?” ಅವನು ತಾನಾಗಿಯೇ ಭುಜದ ಮೇಲಿಂದ ಹಿಂದೆ ತಿರುಗಿ ನೋಡಿದ. ಅಷ್ಟೇ. ಅದೇ ಪಾಸನ್ನು ಮತ್ತೆ ಕೊಡಿಸಿದರು. ಈ ಬಾರಿ ಅವನು ಮೊದಲೇ ನೋಡಿ, ಪಕ್ಕಕ್ಕೆ ಮೈ ತಿರುಗಿಸಿ ನಿಂತು, ಚೆಂಡು ಬಂದ ಕಡೆಯಿಂದ ದೂರವಿದ್ದ ಕಾಲಿನಲ್ಲಿ ಅದನ್ನು ಪಡೆದು ಮುಂದಕ್ಕೆ ಹೋದ. ಇಡೀ ತಡೆ ಅರ್ಧ ನಿಮಿಷವೂ ಇರಲಿಲ್ಲ. ನಾರ್ವೆಯ ಕ್ರೀಡಾ ಮನಶ್ಶಾಸ್ತ್ರಜ್ಞ ಗೈರ್ ಯೂರ್ಡೆಟ್ ವೃತ್ತಿಪರ ಆಟಗಾರರು ಚೆಂಡು ಬರುವ ಮುನ್ನ ಎಷ್ಟು ಸಲ ಸುತ್ತ ಕಣ್ಣಾಡಿಸುತ್ತಾರೆ ಎಂಬುದರ ಮೇಲೆಯೇ ವರ್ಷಗಟ್ಟಲೆ ಅಧ್ಯಯನ ನಡೆಸಿದ್ದಾರೆಂದು ಅಂದು ರಾತ್ರಿಯ ತರಗತಿಯಲ್ಲಿ ತಿಳಿಯಿತು. ಮಲಪ್ಪುರಂನ ದೀಪದ ಬೆಳಕಿನಲ್ಲಿ ನಾನು ಹೊಡೆತ ತಿಂದು ಕಲಿತದ್ದು ಇದನ್ನೇ. ಅದಕ್ಕೊಂದು ಕ್ರಮವಿದೆ, ಅದನ್ನು ಹತ್ತು ವರ್ಷದ ಮಗುವಿಗೂ ಕಲಿಸಬಹುದು ಎಂದು ಅರಿವಾದಾಗ ನನಗಾದ ಸಂತೋಷ ಯಾವ ಗೋಲಿನಿಂದಲೂ ಆಗಿರಲಿಲ್ಲ.

ಅದೇ ಕೋರ್ಸಿನಲ್ಲಿ ಫಿಫಾದ 11+ ಎಂಬ ವಾರ್ಮ್‌ಅಪ್ ಪದ್ಧತಿಯನ್ನೂ ಕಲಿತೆವು. ಸುಮಾರು ಇಪ್ಪತ್ತು ನಿಮಿಷಗಳ, ಓಟ, ಬಲ, ಸಮತೋಲನಗಳ ಹದಿನೈದು ವ್ಯಾಯಾಮಗಳು. ಇದನ್ನು ನಿಯಮಿತವಾಗಿ ಮಾಡುವ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಕಡಿಮೆಯಾಗುತ್ತವೆಂದು ಸಂಶೋಧನೆಗಳು ತೋರಿಸಿವೆ. ನಾವು ಆಡುವಾಗ ಮೈದಾನಕ್ಕೆ ಎರಡು ಸುತ್ತು ಓಡಿ, ಕಾಲು ಜಗ್ಗಿ ಆಟಕ್ಕಿಳಿಯುತ್ತಿದ್ದೆವು. ಮೊಣಕಾಲಿನ ಲಿಗಮೆಂಟ್ ಹರಿದು ಮನೆಗೆ ಹೋದ ಎಷ್ಟೋ ಗೆಳೆಯರ ಮುಖಗಳು ಆ ತರಗತಿಯಲ್ಲಿ ಕಣ್ಣ ಮುಂದೆ ಬಂದವು.

ಲೈಸೆನ್ಸ್ ಬಂದ ಮೇಲೆ ಬೆಂಗಳೂರಿನಲ್ಲೇ ಕೆಲಕಾಲ ಮಕ್ಕಳಿಗೆ ಕಲಿಸಿದೆ. ಸಂಬಳ ಗಂಟೆಯ ಲೆಕ್ಕದ್ದು, ಮಳೆ ಬಂದರೆ ಅದೂ ಇಲ್ಲ. ಹೊರದೇಶದ ಯೋಚನೆ ಹುಟ್ಟಿದ್ದು ಆಗಲೇ. ಯುರೋಪಿನಲ್ಲಿ ಅಲ್ಲಿನ ಒಕ್ಕೂಟದ ಯುಇಎಫ್‌ಎ ಲೈಸೆನ್ಸ್ ಕೇಳುತ್ತಾರೆ, ನಮ್ಮದು ತಾನಾಗಿ ಅಲ್ಲಿ ಸಲ್ಲುವುದಿಲ್ಲ. ಆದರೆ ಭಾರತವೂ ಯುಎಇಯೂ ಎಎಫ್‌ಸಿಯ ಸದಸ್ಯ ದೇಶಗಳು; ಸಿ ಲೈಸೆನ್ಸಿನ ಮೇಲಿನ ಎಎಫ್‌ಸಿ ಹೆಸರಿಗೆ ಕೊಲ್ಲಿಯಲ್ಲಿ ಬೆಲೆಯಿದೆ. ಧೈರ್ಯ ಕೊಟ್ಟ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಇಂಗ್ಲೆಂಡಿನ ಬಾಬ್ ಹಾಟನ್ ಮತ್ತು ರಾಯ್ ಹಾಡ್ಜ್‌ಸನ್ ಒಂದೇ ಶಾಲೆಯಲ್ಲಿ ಓದಿದ ಗೆಳೆಯರು. ಇಬ್ಬರೂ ಆಟಗಾರರಾಗಿ ಕೆಳಹಂತದ ಕ್ಲಬ್‌ಗಳಲ್ಲೇ ಉಳಿದವರು, ಇಬ್ಬರೂ ಚಿಕ್ಕ ವಯಸ್ಸಿನಲ್ಲೇ ಸ್ವೀಡನ್ನಿಗೆ ಹೋಗಿ ಕೋಚ್ ಆಗಿ ಹೆಸರಾದವರು. ಹಾಟನ್ ಮಾಲ್ಮೊ ತಂಡವನ್ನು 1979ರ ಯುರೋಪಿಯನ್ ಕಪ್ ಫೈನಲ್ ಮುಟ್ಟಿಸಿದರು, ಮುಂದೆ ಭಾರತದ ಕೋಚ್ ಆಗಿ 2007 ಮತ್ತು 2009ರ ನೆಹರೂ ಕಪ್ ಗೆಲ್ಲಿಸಿದರು. ಹಾಡ್ಜ್‌ಸನ್ 1976ರಲ್ಲಿ ಹಾಲ್ಮ್‌ಸ್ಟಾಡ್ ತಂಡಕ್ಕೆ ಸ್ವೀಡನ್ನಿನ ಲೀಗ್ ಗೆದ್ದುಕೊಟ್ಟು, ಹಲವು ದೇಶಗಳನ್ನು ಸುತ್ತಿ ಯುಎಇ ರಾಷ್ಟ್ರೀಯ ತಂಡಕ್ಕೂ ಕೋಚ್ ಆಗಿದ್ದರು. ಅವರ ಎತ್ತರಕ್ಕೆ ನನ್ನನ್ನು ಹೋಲಿಸಿಕೊಳ್ಳುವ ಮಾತಲ್ಲ ಇದು. ದೊಡ್ಡ ಆಟಗಾರನಾಗದವನು ಪರದೇಶದಲ್ಲಿ ಒಳ್ಳೆಯ ಕೋಚ್ ಆಗಬಲ್ಲ ಎಂಬುದಕ್ಕೆ ಕಣ್ಣೆದುರಿನ ದಾಖಲೆ.

ಕಾಗದಪತ್ರದ ಕೆಲಸ ಬೇಸರದ್ದು, ಆದರೆ ಗೊಂದಲದ್ದಲ್ಲ. ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ, ಬಳಿಕ ಯುಎಇ ರಾಯಭಾರ ಕಚೇರಿಯಲ್ಲಿ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆಯಲ್ಲಿ ದೃಢೀಕರಣ ಮಾಡಿಸಬೇಕು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿಕೋ ಎಂದು ಅಮ್ಮ ಹಟ ಹಿಡಿದಿದ್ದರಿಂದ ನನ್ನ ಬಳಿ ಆ ಕಾಗದವಿತ್ತು. ಆಟದ ಗುಂಗಿನಲ್ಲಿ ಓದು ಬಿಟ್ಟವರಿಗೆ ವೀಸಾದಲ್ಲಿ ಒಳ್ಳೆಯ ಹುದ್ದೆಯ ಹೆಸರು ಸಿಗುವುದು ಕಷ್ಟ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಸಿಗುತ್ತದೆ. ಒಬ್ಬ ಏಜೆಂಟ್ ವೀಸಾಕ್ಕೆಂದು ದೊಡ್ಡ ಮೊತ್ತ ಕೇಳಿದ, ಟೂರಿಸ್ಟ್ ವೀಸಾದಲ್ಲಿ ಹೋಗಿ ಕೆಲಸ ಶುರು ಮಾಡಬಹುದು ಎಂದೂ ಹೇಳಿದ. ಅದು ಎರಡೂ ಬಗೆಯಲ್ಲಿ ಕಾನೂನುಬಾಹಿರ: ಯುಎಇ ಕಾನೂನಿನಂತೆ ನೇಮಕಾತಿಯ ಖರ್ಚು ಮಾಲೀಕರದ್ದು, ನೌಕರನಿಂದ ಅದನ್ನು ವಸೂಲು ಮಾಡುವಂತಿಲ್ಲ, ಕೆಲಸದ ಪರವಾನಗಿ ಇಲ್ಲದೆ ದುಡಿದರೆ ದಂಡ ಮತ್ತು ಗಡೀಪಾರು. ನಾನು ನೇರವಾಗಿ ಅಕಾಡೆಮಿಗಳಿಗೆ ಬರೆದೆ. ನನ್ನ ಸೆಷನ್‌ಗಳ ವಿಡಿಯೊ, ಲೈಸೆನ್ಸ್, ಮಕ್ಕಳ ಸುರಕ್ಷತೆಯ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿ ಪ್ರಮಾಣಪತ್ರಗಳನ್ನು ಕಳಿಸಿದೆ. ಹಲವರು ಉತ್ತರಿಸಲಿಲ್ಲ, ಒಬ್ಬರು ಫೋನಿನಲ್ಲಿ ಮಾತಾಡಿ ಆಫರ್ ಕಳಿಸಿದರು. 2018ರ ಬೇಸಿಗೆ ಮುಗಿಯುವ ಹೊತ್ತಿಗೆ ದುಬೈ ತಲುಪಿ, ರಕ್ತ ಪರೀಕ್ಷೆ, ಎದೆಯ ಎಕ್ಸ್-ರೇ ಮುಗಿಸಿ, ಎಮಿರೇಟ್ಸ್ ಐಡಿ ಪಡೆದೆ.

ಇಲ್ಲಿ ಹೆಚ್ಚಿನ ಅಕಾಡೆಮಿಗಳಿಗೆ ಸ್ವಂತ ಮೈದಾನವಿಲ್ಲ. ಸಂಜೆ ಶಾಲೆಗಳ ಮೈದಾನವನ್ನು ಬಾಡಿಗೆಗೆ ಹಿಡಿಯುತ್ತಾರೆ. ಆದ್ದರಿಂದ ಕೋಚ್‌ನ ಕೆಲಸ ಕಾರಿನ ಡಿಕ್ಕಿಯಿಂದ ಗೋಲು, ಕೋನ್, ಬಿಬ್, ಚೆಂಡಿನ ಬಲೆಗಳನ್ನು ಇಳಿಸುವುದರಿಂದ ಶುರುವಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಋತು ಆರಂಭವಾಗುವಾಗ ಸೂರ್ಯ ಮುಳುಗಿದ ಮೇಲೂ ಕೃತಕ ಹುಲ್ಲಿನ ನಡುವಿನ ಕಪ್ಪು ರಬ್ಬರ್ ಕಾಳು ಕಾಯ್ದೇ ಇರುತ್ತದೆ, ಸಮುದ್ರದ ಕಡೆಯಿಂದ ಬರುವ ತೇವಕ್ಕೆ ಬೆವರು ಆರುವುದಿಲ್ಲ. ಹಾಗಾಗಿ ಮೊದಲ ವಾರಗಳ ಸೆಷನ್‌ಗಳನ್ನು ಬೇರೆಯಾಗಿಯೇ ಬರೆಯಬೇಕು: ಆಟದ ತುಂಡುಗಳು ಚಿಕ್ಕವಾಗಿರಬೇಕು, ನಡುನಡುವೆ ನೀರಿಗೆ ಬಿಡುವು ಇರಬೇಕು, ದಣಿದ ಮಗುವನ್ನು ಮುಖ ನೋಡಿಯೇ ಗುರುತಿಸಬೇಕು. ರಂಜಾನ್ ತಿಂಗಳಲ್ಲಿ ಸಮಯಪಟ್ಟಿಯೇ ರಾತ್ರಿಗೆ ಸರಿಯುತ್ತದೆ. 2022ರ ಜನವರಿಯಲ್ಲಿ ದೇಶದ ವಾರಾಂತ್ಯ ಶುಕ್ರವಾರ-ಶನಿವಾರದಿಂದ ಶನಿವಾರ-ಭಾನುವಾರಕ್ಕೆ ಬದಲಾದಾಗ ಮಕ್ಕಳ ಲೀಗ್‌ಗಳ ಸಮಯಪಟ್ಟಿಯನ್ನೂ ಹೊಸದಾಗಿ ಹೊಂದಿಸಬೇಕಾಯಿತು.

ಒಂದೇ ತಂಡದಲ್ಲಿ ಈಜಿಪ್ಟ್, ಲೆಬನಾನ್, ಫಿಲಿಪೀನ್ಸ್, ಪಾಕಿಸ್ತಾನ, ಕೇರಳ, ಬ್ರಿಟನ್ನಿನ ಮಕ್ಕಳಿರುತ್ತಾರೆ. ತಂದೆಯ ಕೆಲಸ ಬದಲಾದರೆ ಋತುವಿನ ನಡುವೆಯೇ ಮಗು ದೇಶ ಬಿಟ್ಟು ಹೋಗುತ್ತದೆ, ಅದರ ಜಾಗಕ್ಕೆ ಹೊಸ ಮಗು ಬರುತ್ತದೆ. ಕ್ಲಬ್‌ನಿಂದ ಕ್ಲಬ್ಬಿಗೆ ಅಲೆದವನಿಗೆ ಈ ಮಕ್ಕಳ ಸ್ಥಿತಿ ಬೇಗ ಅರ್ಥವಾಗುತ್ತದೆ. ಹೊಸ ಮಗುವನ್ನು ಮೊದಲ ದಿನ ಯಾರ ಜೊತೆ ನಿಲ್ಲಿಸಬೇಕು, ಅದರ ಹೆಸರನ್ನು ಉಳಿದವರು ಎಷ್ಟು ಬೇಗ ಕೂಗುವಂತೆ ಮಾಡಬೇಕು ಎಂಬುದು ಯಾವ ಲೈಸೆನ್ಸಿನಲ್ಲೂ ಇಲ್ಲದ, ನನಗೆ ಮೆಸ್ಸುಗಳಲ್ಲಿ ಸಿಕ್ಕ ತಿಳಿವಳಿಕೆ. ಮಂಗಳೂರು ಕಡೆಯ ತಾಯಿಯೊಬ್ಬರು ಒಮ್ಮೆ ಗೆರೆಯ ಆಚೆ ನಿಂತು, “ಸರ್, ನಮ್ಮವನನ್ನು ಯಾಕೆ ಹಿಂದೆ ಆಡಿಸ್ತೀರಿ? ಅವನಿಗೆ ಗೋಲು ಹೊಡೀಬೇಕಂತೆ” ಎಂದು ಕೇಳಿದರು. ಈ ವಯಸ್ಸಿನಲ್ಲಿ ಎಲ್ಲ ಮಕ್ಕಳೂ ಎಲ್ಲ ಜಾಗದಲ್ಲಿ ಆಡಬೇಕೆಂಬುದು ನಮ್ಮ ನಿಯಮ, ಮುಂದಿನ ತಿಂಗಳು ಅವನು ಮುಂದೆ ಆಡುತ್ತಾನೆ ಎಂದು ವಿವರಿಸಿದೆ. ಆ ಹುಡುಗ ಹಿಂದೆ ಆಡಿದ ತಿಂಗಳಲ್ಲಿ ಇಡೀ ಮೈದಾನವನ್ನು ಮುಖದೆದುರು ಇಟ್ಟುಕೊಂಡು ಪಾಸು ಕೊಡಲು ಕಲಿತ. ಮುಂದಕ್ಕೆ ಹೋದ ಮೇಲೆ ಒಂದು ದಿನ, ಚೆಂಡು ಇನ್ನೂ ಬಲಬದಿಯ ಹುಡುಗನ ಕಾಲಲ್ಲಿದ್ದಾಗಲೇ ಎರಡು ಬಾರಿ ಭುಜದ ಮೇಲಿಂದ ಹಿಂದೆ ನೋಡಿ, ಸ್ಟಾಪರ್‌ನ ಬೆನ್ನ ಹಿಂದಿನ ಜಾಗಕ್ಕೆ ಓಡಿದ. ಪಾಸು ತಪ್ಪಿತು, ಗೋಲು ಆಗಲಿಲ್ಲ. ನಾನು ಆಟ ನಿಲ್ಲಿಸಿ ಎಲ್ಲ ಮಕ್ಕಳಿಗೂ ಆ ನೋಟವನ್ನೇ ತೋರಿಸಿ ಮೆಚ್ಚಿಕೊಂಡೆ.

2019ರ ಜನವರಿಯಲ್ಲಿ ಏಷ್ಯಾ ಕಪ್ ಇಲ್ಲೇ ನಡೆಯಿತು. ಅಬುಧಾಬಿಯಲ್ಲಿ ಭಾರತ ಥಾಯ್ಲೆಂಡನ್ನು 4-1ರಿಂದ ಸೋಲಿಸಿತು. ಆಮೇಲೆ ಯುಎಇಗೆ 0-2ರಿಂದ, ಶಾರ್ಜಾದಲ್ಲಿ ಬಹ್ರೇನಿಗೆ ಕೊನೆಯ ಗಳಿಗೆಯ ಪೆನಾಲ್ಟಿಯಿಂದ 0-1ರಿಂದ ಸೋತು ಹೊರಬಿದ್ದಿತು. ಆಗಿನ ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ಗಾಯದಿಂದ ಆಟ ಬೇಗ ಬಿಟ್ಟು, ನೇಪಾಳ, ಮಲಾವಿ, ಸುಡಾನ್, ರುವಾಂಡಾಗಳನ್ನು ಸುತ್ತಿ ಬಂದವರು. ಅವರ ತೀರ್ಮಾನಗಳ ಬಗ್ಗೆ ಎಷ್ಟೇ ಚರ್ಚೆಯಿರಲಿ, ಪ್ರತಿ ದೇಶದಲ್ಲೂ ಹೊಸದಾಗಿ ಶುರು ಮಾಡುವ ಅವರ ಮನೋಬಲವನ್ನು ನಾನು ಗೌರವಿಸುತ್ತೇನೆ. 2023ರ ಮಾರ್ಚ್ 4ರಂದು ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಎತ್ತಿದಾಗ, ನಮ್ಮ ಅಕಾಡೆಮಿಯ ಮಲಯಾಳಿ ಕೋಚ್‌ಗಳೂ ನನ್ನ ಫೋನಿನ ಸುತ್ತ ಸೇರಿ ಚಪ್ಪಾಳೆ ತಟ್ಟಿದರು.

ಈ ಜೀವನದಲ್ಲಿ ಭದ್ರತೆ ಇದೆ ಎಂದು ಹೇಳಿ ಯಾರನ್ನೂ ದಾರಿ ತಪ್ಪಿಸಲಾರೆ. 2020ರಲ್ಲಿ ಕೋವಿಡ್‌ನಿಂದ ಮೈದಾನಗಳು ಮುಚ್ಚಿದಾಗ ತಿಂಗಳುಗಟ್ಟಲೆ ಪರದೆಯ ಮೂಲಕ ಚೆಂಡು ಕುಣಿಸುವ ಪಾಠ ಮಾಡಿದೆವು, ಸಂಬಳ ಕಡಿತವಾಯಿತು. ಬೇಸಿಗೆಯಲ್ಲಿ ಮಕ್ಕಳು ಊರಿಗೆ ಹೋಗುವುದರಿಂದ ಆದಾಯ ಇಳಿಯುತ್ತದೆ. ಸಂಬಳದಲ್ಲಿ ಮೂಲವೇತನ ಎಷ್ಟು, ಭತ್ಯೆ ಎಷ್ಟು ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ನೋಡಿಕೊಳ್ಳಬೇಕು, ಏಕೆಂದರೆ ಕೆಲಸ ಬಿಡುವಾಗ ಬರುವ ಗ್ರಾಚುಯಿಟಿಯನ್ನು, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳಂತೆ, ಮೂಲವೇತನದ ಮೇಲೆಯೇ ಲೆಕ್ಕ ಹಾಕುತ್ತಾರೆ. ಇಷ್ಟಾದರೂ ತಿಂಗಳಿಗೊಮ್ಮೆ ಮನೆಗೆ ಹಣ ಹೋಗುತ್ತದೆ, ಮತ್ತು ನಾನು ದಿನವೂ ಫುಟ್‌ಬಾಲ್ ಮೈದಾನದಲ್ಲಿರುತ್ತೇನೆ.

ಈಗ ಬಿ ಲೈಸೆನ್ಸಿಗೆ ಸಿದ್ಧತೆ ನಡೆಸಿದ್ದೇನೆ. ಗೌತಮಪುರದಿಂದ, ಕೋಲ್ಕತ್ತದ ಮೆಸ್ಸುಗಳಿಂದ ಫೋನ್ ಬರುತ್ತಲೇ ಇರುತ್ತದೆ. “ಅಣ್ಣ, ಈ ಸೀಸನ್ ಮುಗೀಲಿ, ಆಮೇಲೆ ನೋಡೋಣ” ಎನ್ನುವವರಿಗೆ, ಆಮೇಲೆ ಎನ್ನಬೇಡ, ಈಗಲೇ ಡಿ ಕೋರ್ಸಿಗೆ ಹೆಸರು ಕೊಡು, ಬಾಕಿ ಉಳಿದ ಪದವಿ ಪರೀಕ್ಷೆ ಕಟ್ಟು ಎಂದು ಹೇಳುತ್ತೇನೆ. ನನ್ನದೇ ಬೀದಿಯ, ನನ್ನಂತೆ ಎಡಗಾಲಿನ ಹುಡುಗನೊಬ್ಬ ಹಾಗೆ ಮಾಡಿದ. ಇನ್ನೂ ಸೂಪರ್ ಡಿವಿಷನ್ ಆಡುತ್ತಿದ್ದಾನೆ, ವಾರದಲ್ಲಿ ಎರಡು ಬೆಳಿಗ್ಗೆ ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಕಲಿಸುತ್ತಾನೆ, ಬರೆದ ಸೆಷನ್‌ಗಳ ಫೋಟೊ ತೆಗೆದು ನನಗೆ ಕಳಿಸುತ್ತಾನೆ. ಕಳೆದ ವಾರದ್ದು ನಾಲ್ಕು ನಾಲ್ಕು ಜನರ ಆಟವಾಗಿತ್ತು. ಆ ವಯಸ್ಸಿಗೆ ಅವನು ಗುರುತು ಹಾಕಿದ್ದ ಜಾಗ ತೀರ ಅಗಲವಾಗಿತ್ತು. ಎರಡು ಬದಿಯ ಕೋನ್‌ಗಳನ್ನು ಐದೈದು ಮೀಟರ್ ಒಳಕ್ಕೆ ತರಲು ಬರೆದು ವಾಪಸು ಕಳಿಸಿದ್ದೇನೆ. ಶನಿವಾರ ಅದನ್ನು ಮಾಡಿ ನೋಡಿ ವಿಡಿಯೊ ಕಳಿಸುವುದಾಗಿ ಹೇಳಿದ್ದಾನೆ.